ಟೈಪ್ 2 ಮಧುಮೇಹ: ಹಾರ್ಮೋನುಗಳು ಮತ್ತು ಚಯಾಪಚಯ

ರಾತ್ರಿ ಎಂಟಕ್ಕೆ ಎರಡು ಚಪಾತಿ ತಿಂದು ಮಲಗಿದವರು ಬೆಳಗ್ಗೆ ಕಾಫಿಯನ್ನೂ ಕುಡಿಯದೆ ಲ್ಯಾಬಿಗೆ ಹೋಗಿ ರಕ್ತ ಕೊಡುತ್ತಾರೆ. ವರದಿಯಲ್ಲಿ ಸಕ್ಕರೆ 160. ಮಲಗುವ ಮುಂಚೆ ಮನೆಯ ಗ್ಲೂಕೋಮೀಟರಿನಲ್ಲಿ ನೋಡಿಕೊಂಡಾಗ ಇದ್ದದ್ದು 140. ಹೊಟ್ಟೆಗೆ ಏನೂ ಬೀಳದ ಇಷ್ಟು ಹೊತ್ತಿನಲ್ಲಿ ಸಕ್ಕರೆ ಏರಿದ್ದು ಹೇಗೆ ಎಂದು ಮಧುಮೇಹಿಗಳು ವೈದ್ಯರನ್ನು ಪದೇ ಪದೇ ಕೇಳುತ್ತಾರೆ. ಆ ಸಕ್ಕರೆ ಊಟದ್ದಲ್ಲ. ಅವರ ಯಕೃತ್ತೇ ರಾತ್ರಿಯಿಡೀ ತಯಾರಿಸಿ ರಕ್ತಕ್ಕೆ ಬಿಟ್ಟದ್ದು. ಹಾಗೆ ಬಿಡುವಂತೆ ಹೇಳಿದ್ದು ಹಾರ್ಮೋನುಗಳು. ಸಿಹಿ ತಿನ್ನುವುದನ್ನು ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡವರಿಗೆ ಈ ಒಂದು ವರದಿಯೇ ಉತ್ತರ. ಟೈಪ್ 2 ಮಧುಮೇಹ ಮೂಲದಲ್ಲಿ ಹಾರ್ಮೋನುಗಳ ಕಾಯಿಲೆ. ಅದೂ ಒಂದೇ ಹಾರ್ಮೋನಿನದಲ್ಲ, ಹಲವು ಹಾರ್ಮೋನುಗಳ ನಡುವಿನ ಹೊಂದಾಣಿಕೆ ಕೆಟ್ಟದ್ದರ ಫಲ.

ತಿಂದದ್ದನ್ನು ಒಡೆದು ಶಕ್ತಿಯಾಗಿಸುವುದು, ಮಿಕ್ಕಿದ್ದನ್ನು ಕೂಡಿಡುವುದು, ಬೇಕೆಂದಾಗ ಕೂಡಿಟ್ಟದ್ದನ್ನು ಕರಗಿಸುವುದು, ಈ ಎಲ್ಲ ರಾಸಾಯನಿಕ ಕೆಲಸಗಳನ್ನು ಒಟ್ಟಾಗಿ ಚಯಾಪಚಯ ಎನ್ನುತ್ತಾರೆ. ಇದರ ಲೆಕ್ಕ ಬಹಳ ಬಿಗಿ. 70 ಕಿಲೋ ತೂಕದ ಆರೋಗ್ಯವಂತರ ಒಟ್ಟು ರಕ್ತದಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಗ್ಲೂಕೋಸ್ ಸುಮಾರು 4 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುತ್ತದೆ. ಒಂದು ತಟ್ಟೆ ಅನ್ನ ಉಂಡರೆ ರಕ್ತಕ್ಕೆ ಬಂದು ಸೇರುವುದು ಆ ಚಮಚದ ಹತ್ತಾರು ಪಟ್ಟು. ಆದರೂ ಆರೋಗ್ಯವಂತರಲ್ಲಿ ಸಕ್ಕರೆ ಸಾಮಾನ್ಯವಾಗಿ 70ಕ್ಕಿಂತ ಕೆಳಗಿಳಿಯುವುದಿಲ್ಲ, 140ಕ್ಕಿಂತ ಮೇಲೇರುವುದಿಲ್ಲ. ಬರುವುದನ್ನೂ ಹೋಗುವುದನ್ನೂ ಕ್ಷಣಕ್ಷಣಕ್ಕೂ ಸರಿದೂಗಿಸುವುದು ಹಾರ್ಮೋನುಗಳ ಕೆಲಸ.

ಕಾಯಿಲೆಯಲ್ಲಿ ಎರಡು ಬಗೆ ಇದೆ ಎಂಬುದು ಭಾರತದ ವೈದ್ಯರಿಗೆ ಹಿಂದೆಯೇ ಗೊತ್ತಿತ್ತು. ಸುಶ್ರುತ ಸಂಹಿತೆ ಹುಟ್ಟಿನಿಂದ ಬರುವ ಪ್ರಮೇಹವನ್ನೂ ಅಪಥ್ಯದಿಂದ ಬರುವ ಪ್ರಮೇಹವನ್ನೂ ಬೇರೆ ಮಾಡಿ ಹೇಳುತ್ತದೆ: ಮೊದಲನೆಯದರಲ್ಲಿ ರೋಗಿ ಕೃಶ, ಎರಡನೆಯದರಲ್ಲಿ ಸ್ಥೂಲ. ಮೇದೋಜೀರಕ ಗ್ರಂಥಿಗೂ ಮಧುಮೇಹಕ್ಕೂ ಇರುವ ನಂಟು ಖಚಿತವಾದದ್ದು 1889ರಲ್ಲಿ. ಸ್ಟ್ರಾಸ್‌ಬರ್ಗ್‌ನಲ್ಲಿ ಫಾನ್ ಮೆರಿಂಗ್ ಮತ್ತು ಮಿಂಕೋವ್‌ಸ್ಕಿ ಆ ಗ್ರಂಥಿಯನ್ನು ತೆಗೆದುಹಾಕಿದ ನಾಯಿಗೆ ತೀವ್ರ ಮಧುಮೇಹ ಬಂತು. 1921ರಲ್ಲಿ ಟೊರಾಂಟೊದ ಬ್ಯಾಂಟಿಂಗ್, ಬೆಸ್ಟ್, ಮ್ಯಾಕ್ಲಿಯಾಡ್, ಕಾಲಿಪ್ ಅವರ ತಂಡ ಇನ್ಸುಲಿನ್ನನ್ನು ಹೊರತೆಗೆಯಿತು; ಮರುವರ್ಷದ ಜನವರಿಯಲ್ಲೇ ಸಾವಿನಂಚಿನಲ್ಲಿದ್ದ ಹುಡುಗನೊಬ್ಬನಿಗೆ ಅದನ್ನು ಕೊಡಲಾಯಿತು. ಅಲ್ಲಿಂದ ಮುಂದೆ ಮಧುಮೇಹವೆಂದರೆ ಇನ್ಸುಲಿನ್ ಕೊರತೆ ಎಂಬ ನಂಬಿಕೆ ಗಟ್ಟಿಯಾಯಿತು.

ಆ ನಂಬಿಕೆಯನ್ನು ಮೊದಮೊದಲು ಪ್ರಶ್ನಿಸಿದವರಲ್ಲೊಬ್ಬರು ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್. ಕೆಲವು ಮಧುಮೇಹಿಗಳಿಗೆ ಇನ್ಸುಲಿನ್ ಕೊಟ್ಟರೂ ಸಕ್ಕರೆ ಸರಿಯಾಗಿ ಇಳಿಯುವುದಿಲ್ಲ, ಅವರ ದೇಹ ಇನ್ಸುಲಿನ್ನಿಗೆ ಸ್ಪಂದಿಸುವುದೇ ಕಡಿಮೆ ಎಂದು ಅವರು 1936ರಲ್ಲಿ ತೋರಿಸಿದರು. ರಕ್ತದಲ್ಲಿನ ಇನ್ಸುಲಿನ್ನನ್ನು ಅಳೆಯುವ ದಾರಿ ಇಲ್ಲದಿದ್ದುದರಿಂದ ಮಾತು ಅಲ್ಲಿಗೇ ನಿಂತಿತು. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ರೊಸಾಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ ರೇಡಿಯೋಇಮ್ಯುನೋಅಸ್ಸೇ ಎಂಬ ಅಳತೆಯ ವಿಧಾನವನ್ನು ರೂಪಿಸಿ 1960ರಲ್ಲಿ ಅಳೆದು ನೋಡಿದಾಗ ಎಲ್ಲರೂ ಬೆರಗಾದರು. ನಡುವಯಸ್ಸಿನಲ್ಲಿ ಮಧುಮೇಹ ಬಂದವರ ರಕ್ತದಲ್ಲಿ ಇನ್ಸುಲಿನ್ ಕಡಿಮೆ ಇರಲಿಲ್ಲ, ಎಷ್ಟೋ ಜನರಲ್ಲಿ ಆರೋಗ್ಯವಂತರಿಗಿಂತ ಹೆಚ್ಚೇ ಇತ್ತು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಅಷ್ಟರೊಳಗೆ ತೀರಿಕೊಂಡಿದ್ದರು.

ಹಾರ್ಮೋನು ಹೇರಳವಾಗಿದ್ದೂ ಕೆಲಸ ಆಗದಿರುವ ಈ ಸ್ಥಿತಿಗೆ ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ಅದು ಸ್ನಾಯು, ಯಕೃತ್ತು, ಕೊಬ್ಬು ಈ ಮೂರೂ ಕಡೆ ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಊಟವಾದ ಮೇಲೆ ಇನ್ಸುಲಿನ್ ಬಂದು ತಾಕಿದಾಗ ಸ್ನಾಯುವಿನ ಜೀವಕೋಶದ ಒಳಗಿರುವ ಗ್ಲಟ್-4 ಎಂಬ ಪ್ರೋಟೀನು ಹೊರಪದರಕ್ಕೆ ಬಂದು ಗ್ಲೂಕೋಸನ್ನು ಒಳಗೆ ಸೆಳೆದುಕೊಳ್ಳುತ್ತದೆ. ಇನ್ಸುಲಿನ್ನಿನ ಪ್ರಭಾವದಿಂದ ರಕ್ತವನ್ನು ಬಿಟ್ಟುಹೋಗುವ ಗ್ಲೂಕೋಸಿನಲ್ಲಿ ಬಹುಪಾಲು ಹೋಗಿ ಸೇರುವುದು ಸ್ನಾಯುಗಳಿಗೇ. ಪ್ರತಿರೋಧ ಬಂದಾಗ ಈ ಸೆಳೆತ ಕುಗ್ಗುತ್ತದೆ, ಊಟದ ನಂತರದ ಸಕ್ಕರೆ ಇಳಿಯದೆ ನಿಲ್ಲುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ನಿನ ಹಂಗಿಲ್ಲದೆಯೇ ಗ್ಲಟ್-4 ಹೊರಪದರಕ್ಕೆ ಬರುತ್ತದೆ. ಊಟವಾದ ಮೇಲೆ ಹದಿನೈದು ನಿಮಿಷ ನಡೆಯಿರಿ ಎಂದು ವೈದ್ಯರು ಹೇಳುವುದರ ಹಿಂದಿರುವ ಕಾರಣ ಇದೇ.

ಯಕೃತ್ತಿನ ಕಥೆ ಇನ್ನೂ ವಿಚಿತ್ರ. ಆರೋಗ್ಯವಂತರಲ್ಲಿ ಇನ್ಸುಲಿನ್ ಯಕೃತ್ತಿಗೆ ಎರಡು ಆದೇಶ ಕೊಡುತ್ತದೆ: ಗ್ಲೂಕೋಸ್ ತಯಾರಿಸುವುದನ್ನು ನಿಲ್ಲಿಸು, ಮಿಕ್ಕಿದ ಗ್ಲೂಕೋಸನ್ನು ಕೊಬ್ಬಾಗಿಸು. ಟೈಪ್ 2 ಮಧುಮೇಹದಲ್ಲಿ ಯಕೃತ್ತು ಒಂದು ಕಿವಿ ಮಾತ್ರ ಮಂದವಾದವರಂತೆ ವರ್ತಿಸುತ್ತದೆ. ಮೊದಲ ಆದೇಶ ಅದಕ್ಕೆ ಕೇಳಿಸುವುದಿಲ್ಲ, ಎರಡನೆಯದು ಚೆನ್ನಾಗಿ ಕೇಳಿಸುತ್ತದೆ. ಹಾಗಾಗಿ ಅತ್ತ ಸಕ್ಕರೆಯೂ ಹೆಚ್ಚು, ಇತ್ತ ಕೊಬ್ಬೂ ಹೆಚ್ಚು. ಮಧುಮೇಹಿಗಳ ಸ್ಕ್ಯಾನಿಂಗ್ ವರದಿಯಲ್ಲಿ ‘ಫ್ಯಾಟಿ ಲಿವರ್’ ಎಂಬ ಸಾಲು, ರಕ್ತಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ ಏರಿಕೆ, ಇವೆರಡೂ ಸಕ್ಕರೆಯ ಜೊತೆಜೊತೆಗೇ ಕಾಣುವುದಕ್ಕೆ ಇದು ಮುಖ್ಯ ಕಾರಣ. ಕೊಬ್ಬಿನ ಅಂಗಾಂಶದಲ್ಲೂ ಇನ್ಸುಲಿನ್ನಿನ ಹಿಡಿತ ಸಡಿಲವಾಗಿರುತ್ತದೆ. ಕರಗಬಾರದ ಹೊತ್ತಿನಲ್ಲೂ ಕೊಬ್ಬು ಕರಗಿ ಕೊಬ್ಬಿನಾಮ್ಲಗಳು ರಕ್ತಕ್ಕೆ ಬಂದು, ಯಕೃತ್ತನ್ನೂ ಸ್ನಾಯುವನ್ನೂ ಸೇರಿ ಪ್ರತಿರೋಧವನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಇನ್ಸುಲಿನ್ನಿಗೆ ಸಿಕ್ಕ ಹೆಸರಿನ ಮುಂದೆ ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನು ಮರೆಯಲ್ಲೇ ಉಳಿಯಿತು. 1923ರಲ್ಲೇ ಕಿಂಬಲ್ ಮತ್ತು ಮರ್ಲಿನ್ ಇದಕ್ಕೆ ಹೆಸರಿಟ್ಟಿದ್ದರು. ಮೇದೋಜೀರಕದ ಲ್ಯಾಂಗರ್‌ಹಾನ್ಸ್ ಕಿರುದ್ವೀಪಗಳಲ್ಲಿ ಬೀಟಾ ಕೋಶಗಳು ಇನ್ಸುಲಿನ್ ಸ್ರವಿಸಿದರೆ, ಪಕ್ಕದಲ್ಲೇ ಇರುವ ಆಲ್ಫಾ ಕೋಶಗಳು ಗ್ಲುಕಗಾನ್ ಸ್ರವಿಸುತ್ತವೆ. ಉಪವಾಸವಿದ್ದಾಗ ಸಕ್ಕರೆ ಬಿಡುಗಡೆ ಮಾಡು ಎಂದು ಯಕೃತ್ತಿಗೆ ಹೇಳುವುದು ಈ ಹಾರ್ಮೋನು. ಏಕಾದಶಿಯ ಉಪವಾಸದಲ್ಲಿ, ರಂಜಾನಿನ ಹಗಲಿನಲ್ಲಿ ಆರೋಗ್ಯವಂತರು ತಲೆತಿರುಗಿ ಬೀಳದೆ ಓಡಾಡಿಕೊಂಡಿರುವುದು ಇದರ ದೆಸೆಯಿಂದ. ಊಟವಾದ ಕೂಡಲೇ ಇದು ತಗ್ಗಬೇಕು. ಟೈಪ್ 2 ಮಧುಮೇಹಿಗಳಲ್ಲಿ ತಗ್ಗುವುದಿಲ್ಲ, ಒಮ್ಮೊಮ್ಮೆ ಏರುವುದೂ ಉಂಟು. ಹೀಗಾಗಿ ಊಟದ ಸಕ್ಕರೆಯ ಮೇಲೆ ಯಕೃತ್ತಿನ ಸಕ್ಕರೆಯೂ ಬಂದು ಸೇರುತ್ತದೆ. ಮಧುಮೇಹ ಒಂದಲ್ಲ, ಎರಡು ಹಾರ್ಮೋನುಗಳ ಕಾಯಿಲೆ ಎಂದು ಅಮೆರಿಕದ ರೋಜರ್ ಉಂಗರ್ 1970ರ ದಶಕದಲ್ಲೇ ವಾದಿಸಿದ್ದರು. ಆಗ ಅವರ ಮಾತಿಗೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲ. ನಂತರ ಬಂದ ಹಲವು ಸಾಕ್ಷ್ಯಗಳು ಅವರ ಪರವಾಗಿ ನಿಂತಿವೆ.

ಬೆಳಗಿನ ಜಾವಕ್ಕೆ ಇನ್ನೆರಡು ಹಾರ್ಮೋನುಗಳು ಸೇರಿಕೊಳ್ಳುತ್ತವೆ. ನಿದ್ದೆಯಲ್ಲಿ ಬೆಳವಣಿಗೆಯ ಹಾರ್ಮೋನು ಸ್ರವಿಸಿರುತ್ತದೆ, ಮೂರು ನಾಲ್ಕು ಗಂಟೆಯ ನಂತರ ಅಡ್ರಿನಲ್ ಗ್ರಂಥಿಯ ಕಾರ್ಟಿಸೋಲ್ ಏರತೊಡಗುತ್ತದೆ. ಎರಡೂ ಇನ್ಸುಲಿನ್ನಿಗೆ ಎದುರಾಗಿ ಕೆಲಸ ಮಾಡುವಂಥವು, ದೇಹವನ್ನು ಎಚ್ಚರಕ್ಕೆ ಅಣಿಗೊಳಿಸುವಂಥವು. ಆರೋಗ್ಯವಂತರು ಅದಕ್ಕೆ ತಕ್ಕಂತೆ ಚೂರು ಹೆಚ್ಚು ಇನ್ಸುಲಿನ್ ಸ್ರವಿಸಿ ಸರಿದೂಗಿಸುತ್ತಾರೆ, ಮಧುಮೇಹಿಗಳಿಗೆ ಅದು ಸಾಧ್ಯವಾಗುವುದಿಲ್ಲ. 160ರ ಆ ವರದಿಯ ಪೂರ್ತಿ ಕಥೆ ಇದು. ರಾತ್ರಿಯ ಚಪಾತಿಯನ್ನು ಎರಡರಿಂದ ಒಂದಕ್ಕೆ ಇಳಿಸಿದ ಮಾತ್ರಕ್ಕೆ ಆ ಅಂಕಿ ಇಳಿಯದಿರುವುದೂ ಇದರಿಂದಲೇ.

ಕಾರ್ಟಿಸೋಲ್ ಜಾತಿಯ ಔಷಧಗಳೇ ಸ್ಟೀರಾಯ್ಡ್‌ಗಳು. ಅವು ಸಕ್ಕರೆಯನ್ನು ಎಷ್ಟು ಏರಿಸಬಲ್ಲವು ಎಂಬುದನ್ನು ದೇಶ 2021ರಲ್ಲಿ ಕಣ್ಣಾರೆ ಕಂಡಿತು. ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳ ಜೀವವನ್ನು ಡೆಕ್ಸಾಮೆಥಸೋನ್ ಉಳಿಸುತ್ತದೆ ಎಂಬುದು 2020ರಲ್ಲಿ ಬ್ರಿಟನ್ನಿನ ಪ್ರಯೋಗದಿಂದ ಸಾಬೀತಾಗಿತ್ತು. ಆದರೆ ಎರಡನೇ ಅಲೆಯ ಗಾಬರಿಯಲ್ಲಿ ಬೇಡದವರಿಗೂ, ಬೇಕಾದ್ದಕ್ಕಿಂತ ಹೆಚ್ಚು ದಿನವೂ ಸ್ಟೀರಾಯ್ಡ್ ಬಳಕೆಯಾಯಿತು. ಸಕ್ಕರೆ ಮಿತಿಮೀರಿದ ಮಧುಮೇಹಿಗಳ ಮೂಗು, ಕಣ್ಣಿನ ಸುತ್ತ ಕಪ್ಪು ಶಿಲೀಂಧ್ರ ಹರಡಿತು. ಕರ್ನಾಟಕದಲ್ಲೂ ಎಷ್ಟೋ ಜನ ಕಣ್ಣು ಕಳೆದುಕೊಂಡರು, ಜೀವ ಕಳೆದುಕೊಂಡರು. ಉಬ್ಬಸಕ್ಕೋ ಮಂಡಿನೋವಿಗೋ ವೈದ್ಯರು ಸ್ಟೀರಾಯ್ಡ್ ಬರೆದಾಗ ತಮಗೆ ಮಧುಮೇಹ ಇದೆಯೆಂದು ರೋಗಿ ತಾನಾಗಿಯೇ ಹೇಳಬೇಕಾದ್ದು ಈ ಕಾರಣಕ್ಕೆ. ತಕ್ಷಣ ನೋವು ಮಾಯವಾಗುತ್ತದೆಂದು ಮಾರುವ ಹೆಸರಿಲ್ಲದ ಪುಡಿಗಳಲ್ಲೂ ಸ್ಟೀರಾಯ್ಡ್ ಬೆರೆತಿರುವುದು ಪರೀಕ್ಷೆಗಳಲ್ಲಿ ಪತ್ತೆಯಾಗಿದೆ.

ನಿದ್ದೆಗೆಟ್ಟರೂ ಸಕ್ಕರೆಯ ಮೇಲೆ ಹೆಚ್ಚುಕಡಿಮೆ ಇದೇ ಪರಿಣಾಮ. ಆರೋಗ್ಯವಂತ ಯುವಕರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟು ಷಿಕಾಗೋದ ಸಂಶೋಧಕರು ನಡೆಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಆ ಯುವಕರ ರಕ್ತದಿಂದ ಗ್ಲೂಕೋಸ್ ಹೊರಹೋಗುವ ವೇಗ ಸುಮಾರು ಶೇ 40ರಷ್ಟು ಕುಗ್ಗಿತ್ತು, ಸಂಜೆಯ ಕಾರ್ಟಿಸೋಲ್ ಏರಿತ್ತು. ರಾತ್ರಿ ಪಾಳಿಯಲ್ಲಿ ದುಡಿಯುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಕೊಬ್ಬು ಬರೀ ದಾಸ್ತಾನಲ್ಲ, ಅದೂ ಹಾರ್ಮೋನು ಸ್ರವಿಸುವ ಅಂಗ ಎಂಬುದು ತಿಳಿದದ್ದು 1994ರಲ್ಲಿ, ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಕಂಡುಹಿಡಿದಾಗ. ದೇಹದಲ್ಲಿ ಎಷ್ಟು ಕೊಬ್ಬಿದೆ ಎಂದು ಮಿದುಳಿಗೆ ತಿಳಿಸಿ ಹಸಿವನ್ನು ತಗ್ಗಿಸುವುದು ಲೆಪ್ಟಿನ್ನಿನ ಕೆಲಸ. ಬೊಜ್ಜಿದ್ದವರಲ್ಲಿ ಲೆಪ್ಟಿನ್ ಧಾರಾಳವಾಗಿಯೇ ಇರುತ್ತದೆ, ಮಿದುಳು ಮಾತ್ರ ಅದಕ್ಕೆ ಸ್ಪಂದಿಸುವುದಿಲ್ಲ. ಕೊಬ್ಬಿನಿಂದಲೇ ಬರುವ ಅಡಿಪೊನೆಕ್ಟಿನ್ ಇನ್ಸುಲಿನ್ನಿಗೆ ನೆರವಾಗುವ ಹಾರ್ಮೋನು. ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿದಷ್ಟೂ ಇದು ಕಡಿಮೆಯಾಗುತ್ತದೆ. ಭಾರತೀಯರಲ್ಲಿ ಇದರ ಮಟ್ಟ ಯುರೋಪಿಯನ್ನರಿಗಿಂತ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ.

ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಕೂಡ 22.3. ನೋಡಲು ಇಬ್ಬರೂ ತೆಳ್ಳಗೆ. ಆದರೆ ದೇಹದ ಕೊಬ್ಬಿನ ಪ್ರಮಾಣ ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ತೂಕದ ಯಂತ್ರ ಹೇಳದ ಸತ್ಯವನ್ನು ಆ ಒಂದು ಪುಟ ಹೇಳಿತು. ‘ನಾನು ದಪ್ಪವಿಲ್ಲ, ನನಗೇಕೆ ಶುಗರ್ ಬಂತು’ ಎನ್ನುವವರು ನೋಡಿಕೊಳ್ಳಬೇಕಾದ್ದು ಸೊಂಟದ ಸುತ್ತಳತೆಯನ್ನು. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಎಚ್ಚರಿಕೆಯ ಗೆರೆ.

ಕಳೆದ ಎರಡು ದಶಕಗಳಲ್ಲಿ ಮಧುಮೇಹದ ಚಿಕಿತ್ಸೆಯ ದಿಕ್ಕು ಬದಲಿಸಿದ್ದು ಕರುಳಿನ ಹಾರ್ಮೋನುಗಳು. ಒಂದೇ ಪ್ರಮಾಣದಲ್ಲಿ ರಕ್ತದ ಸಕ್ಕರೆ ಏರುವಂತೆ ಗ್ಲೂಕೋಸನ್ನು ಬಾಯಿಗೂ ರಕ್ತನಾಳಕ್ಕೂ ಕೊಟ್ಟು ನೋಡಿದರೆ, ಬಾಯಿಗೆ ಕೊಟ್ಟಾಗಲೇ ಇನ್ಸುಲಿನ್ ಬಹಳ ಹೆಚ್ಚು ಸ್ರವಿಸುತ್ತದೆ. ಇದು 1964ರಲ್ಲಿ ಗೊತ್ತಾಯಿತು. ಊಟ ಬರುತ್ತಿದೆ ಎಂದು ಕರುಳು ಮುಂಚಿತವಾಗಿ ಮೇದೋಜೀರಕಕ್ಕೆ ಸುದ್ದಿ ಮುಟ್ಟಿಸುತ್ತದೆ ಎಂದಾಯಿತು. ಜಿಐಪಿ ಮತ್ತು ಜಿಎಲ್‌ಪಿ-1 ಎಂಬ ಎರಡು ಹಾರ್ಮೋನುಗಳು ಈ ಕೆಲಸ ಮಾಡುತ್ತವೆ. ಜಿಎಲ್‌ಪಿ-1 ಇನ್ಸುಲಿನ್ ಹೆಚ್ಚಿಸುವುದಲ್ಲದೆ ಗ್ಲುಕಗಾನನ್ನು ತಗ್ಗಿಸುತ್ತದೆ, ಜಠರದಿಂದ ಆಹಾರ ಕೆಳಗಿಳಿಯುವುದನ್ನು ನಿಧಾನಿಸುತ್ತದೆ, ಮಿದುಳಿಗೆ ಹೊಟ್ಟೆ ತುಂಬಿತೆಂದು ತಿಳಿಸುತ್ತದೆ. ಟೈಪ್ 2 ಮಧುಮೇಹಿಗಳಲ್ಲಿ ಈ ಇಡೀ ವ್ಯವಸ್ಥೆ ದುರ್ಬಲವಾಗಿದೆ ಎಂದು ಜರ್ಮನಿಯ ಮೈಕೆಲ್ ನೌಕ್ 1986ರಲ್ಲಿ ತೋರಿಸಿದರು. ಅವರಲ್ಲಿ ಜಿಐಪಿ ಬಹುಮಟ್ಟಿಗೆ ನಿಷ್ಫಲ, ಆದರೆ ಹೊರಗಿನಿಂದ ಜಿಎಲ್‌ಪಿ-1 ಕೊಟ್ಟರೆ ಅದು ಕೆಲಸ ಮಾಡುತ್ತದೆ ಎಂಬುದು ಮುಂದೆ ತಿಳಿಯಿತು.

ತೊಡಕು ಇದ್ದದ್ದು ಅದರ ಆಯುಸ್ಸಿನಲ್ಲಿ. ರಕ್ತದಲ್ಲಿ ಜಿಎಲ್‌ಪಿ-1 ಉಳಿಯುವುದು ಒಂದೆರಡು ನಿಮಿಷ ಮಾತ್ರ, ಡಿಪಿಪಿ-4 ಎಂಬ ಕಿಣ್ವ ಅದನ್ನು ಕತ್ತರಿಸಿಬಿಡುತ್ತದೆ. ಇದಕ್ಕೆ ಪರಿಹಾರ ಸಿಕ್ಕಿದ್ದು ಯಾರೂ ಎಣಿಸದ ಕಡೆಯಿಂದ. ಯಾಲೋ ಕೆಲಸ ಮಾಡಿದ್ದ ಬ್ರಾಂಕ್ಸ್‌ನ ಅದೇ ಆಸ್ಪತ್ರೆಯಲ್ಲಿ ಜಾನ್ ಎಂಗ್ ಎಂಬ ವೈದ್ಯರು ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಜಿಎಲ್‌ಪಿ-1ನ್ನೇ ಹೋಲುವ, ಆದರೆ ಆ ಕಿಣ್ವಕ್ಕೆ ಸುಲಭವಾಗಿ ಸಿಗದ ವಸ್ತುವೊಂದನ್ನು 1992ರಲ್ಲಿ ಗುರುತಿಸಿದರು. ಅದೇ 2005ರಲ್ಲಿ ಎಕ್ಸೆನಟೈಡ್ ಎಂಬ ಚುಚ್ಚುಮದ್ದಾಗಿ ಬಂತು. ಮರುವರ್ಷ ಆ ಕಿಣ್ವವನ್ನೇ ತಡೆಯುವ ಸಿಟಾಗ್ಲಿಪ್ಟಿನ್ ಮಾತ್ರೆ ಬಂತು. 2022ರಲ್ಲಿ ಭಾರತದಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಬೆಲೆ ಇಳಿದು ಸಾಮಾನ್ಯರ ಕೈಗೂ ಎಟುಕಿತು. ವಾರಕ್ಕೊಮ್ಮೆ ತೆಗೆದುಕೊಳ್ಳುವ ಸೆಮಗ್ಲುಟೈಡ್ 2017ರಲ್ಲಿ, ಜಿಎಲ್‌ಪಿ-1 ಮತ್ತು ಜಿಐಪಿ ಎರಡರ ಕೆಲಸವನ್ನೂ ಮಾಡುವ ಟಿರ್ಜೆಪಟೈಡ್ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಟಿರ್ಜೆಪಟೈಡ್ 2025ರಲ್ಲಿ ಭಾರತದ ಔಷಧದಂಗಡಿಗಳಿಗೂ ಬಂತು. ತೂಕ ಇಳಿಸುವ ಚುಚ್ಚುಮದ್ದೆಂದು ಇವು ಈಗ ಮನೆಮಾತಾಗಿವೆ. ಆದರೆ ಹುಟ್ಟಿದ್ದು ಮಧುಮೇಹಕ್ಕಾಗಿ. ವಾಂತಿ, ವಾಕರಿಕೆಯಂಥ ಅಡ್ಡಪರಿಣಾಮಗಳೂ ಇವೆ. ವೈದ್ಯರ ಕಣ್ಣಳವಿನಲ್ಲಲ್ಲದೆ ಇವನ್ನು ಮುಟ್ಟಬಾರದು.

ಬೊಜ್ಜಿಗೆಂದು ಮಾಡುವ ಜಠರ ಬೈಪಾಸ್ ಶಸ್ತ್ರಚಿಕಿತ್ಸೆಯೂ ಕರುಳಿನ ಹಾರ್ಮೋನುಗಳ ಮಹತ್ವವನ್ನು ಬೇರೆ ದಾರಿಯಿಂದ ಹೇಳುತ್ತದೆ. ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಪೋರೀಸ್ 1995ರಲ್ಲಿ ವರದಿ ಮಾಡಿದಂತೆ, ಹಲವು ರೋಗಿಗಳ ಸಕ್ಕರೆ ತೂಕ ಇಳಿಯುವ ಮುಂಚೆಯೇ, ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಸರಿಹೋಗಿತ್ತು. ತಿನ್ನುವುದು ಥಟ್ಟನೆ ಕಡಿಮೆಯಾದದ್ದು ಒಂದು ಕಾರಣ. ಆಹಾರ ಬೇಗ ಕೆಳಗರುಳು ತಲುಪಿ ಜಿಎಲ್‌ಪಿ-1 ಹೇರಳವಾಗಿ ಸ್ರವಿಸುವುದು ಇನ್ನೊಂದು.

ಈ ಎಲ್ಲ ಒತ್ತಡ ಕೊನೆಗೆ ಬೀಳುವುದು ಬೀಟಾ ಕೋಶಗಳ ಮೇಲೆ. ಪ್ರತಿರೋಧ ಹೆಚ್ಚಿದಷ್ಟೂ ಅವು ಹೆಚ್ಚು ಇನ್ಸುಲಿನ್ ಸ್ರವಿಸಿ ವರ್ಷಗಟ್ಟಲೆ ಸಕ್ಕರೆಯನ್ನು ಹಿಡಿತದಲ್ಲಿಟ್ಟಿರುತ್ತವೆ. ಆ ವರ್ಷಗಳಲ್ಲಿ ರಕ್ತದ ಸಕ್ಕರೆಯ ಪರೀಕ್ಷೆ ಏನೂ ತೋರಿಸುವುದಿಲ್ಲ. ಅವು ಸೋಲತೊಡಗಿದಾಗ ಮಾತ್ರ ಸಕ್ಕರೆ ಏರುತ್ತದೆ. 1977ರಿಂದ 1997ರವರೆಗೆ ಬ್ರಿಟನ್ನಿನಲ್ಲಿ ನಡೆದ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನದ ಅಂದಾಜಿನಂತೆ, ಕಾಯಿಲೆ ಪತ್ತೆಯಾಗುವ ದಿನಕ್ಕೇ ಬೀಟಾ ಕೋಶಗಳ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಮಾತ್ರೆಯಲ್ಲಿದ್ದವರಿಗೆ ಹತ್ತು ಹದಿನೈದು ವರ್ಷದ ಮೇಲೆ ಇನ್ಸುಲಿನ್ ಬೇಕಾಗುವುದು ಬಹುಪಾಲು ಇದರಿಂದ. ರೋಗಿ ಪಥ್ಯ ತಪ್ಪಿದ್ದಕ್ಕೆ ಸಿಕ್ಕ ಶಿಕ್ಷೆ ಎಂದು ಮನೆಯವರು ಅದನ್ನು ನೋಡುವುದು ಅನ್ಯಾಯ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾನವ ಇನ್ಸುಲಿನ್ ಮಾರುಕಟ್ಟೆಗೆ ತಂದಾಗಿನಿಂದ ಇಲ್ಲೇ ತಯಾರಾದ ಇನ್ಸುಲಿನ್ ಸಿಗುತ್ತಿದೆ. ಹೆದರಿ ಮುಂದೂಡುವಂಥ ಔಷಧ ಅದಲ್ಲ.

ಹಳೆಯ ಔಷಧಗಳಿಗೂ ಈ ಹಾರ್ಮೋನುಗಳ ನಕ್ಷೆಯಲ್ಲಿ ತಮ್ಮ ತಮ್ಮ ಜಾಗ ಇದೆ. 1957ರಲ್ಲಿ ಫ್ರಾನ್ಸಿನ ಜಾನ್ ಸ್ಟರ್ನ್ ಬಳಕೆಗೆ ತಂದ ಮೆಟ್ಫಾರ್ಮಿನ್ ಮುಖ್ಯವಾಗಿ ಯಕೃತ್ತಿನ ಸಕ್ಕರೆ ತಯಾರಿಯನ್ನು ತಗ್ಗಿಸುತ್ತದೆ. ಗ್ಲಿಮೆಪಿರೈಡ್‌ನಂಥವು ಬೀಟಾ ಕೋಶಗಳಿಂದ ಇನ್ಸುಲಿನ್ ಹೊರಡಿಸುತ್ತವೆ. ಊಟ ತಪ್ಪಿಸಿದರೆ ಇವುಗಳಿಂದ ಸಕ್ಕರೆ ತೀರಾ ಇಳಿಯಬಹುದು. ಆಗ ಬೆವರು, ನಡುಕ, ಎದೆಬಡಿತ ಬರುವುದು ಅಡ್ರಿನಲಿನ್ ಎಂಬ ಹಾರ್ಮೋನು ಅಪಾಯ ನಿವಾರಣೆಗೆ ಧಾವಿಸಿದ್ದರ ಲಕ್ಷಣ.

ಸಂತಾನದ ಹಾರ್ಮೋನುಗಳ ಜೊತೆಗೂ ಇನ್ಸುಲಿನ್ನಿಗೆ ನಂಟಿದೆ. ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ ಇರುವ ಹೆಣ್ಣುಮಕ್ಕಳಲ್ಲಿ ಹೆಚ್ಚಾದ ಇನ್ಸುಲಿನ್ ಅಂಡಾಶಯದಿಂದ ಪುರುಷ ಹಾರ್ಮೋನುಗಳನ್ನು ಹೆಚ್ಚು ಸ್ರವಿಸುವಂತೆ ಮಾಡುತ್ತದೆ. ಮುಟ್ಟು ಏರುಪೇರಾಗುತ್ತದೆ, ಮುಂದೆ ಮಧುಮೇಹ ಬರುವ ಸಂಭವವೂ ಹೆಚ್ಚು. ಬೊಜ್ಜಿರುವ ಮಧುಮೇಹಿ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಕಡಿಮೆ ಇರುವುದು ಸಾಮಾನ್ಯ.

ಕಾಯಿಲೆ ಹಿಂದೆ ಸರಿಯಬಲ್ಲದೆ? ಬ್ರಿಟನ್ನಿನ ರಾಯ್ ಟೇಲರ್ ಮತ್ತು ಮೈಕೆಲ್ ಲೀನ್ ನಡೆಸಿದ, 2017ರಲ್ಲಿ ಪ್ರಕಟವಾದ ‘ಡೈರೆಕ್ಟ್’ ಪ್ರಯೋಗದಲ್ಲಿ ತೂಕ ಇಳಿಸಲು ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟ ಗುಂಪಿನವರ ಪೈಕಿ ಶೇ 46ರಷ್ಟು ಮಂದಿ ವರ್ಷದ ಕೊನೆಗೆ ಔಷಧವಿಲ್ಲದೆ ಮಧುಮೇಹದ ಮಿತಿಯಿಂದ ಕೆಳಗಿದ್ದರು. 15 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ ಇದು ಶೇ 86. ಯಕೃತ್ತು ಮತ್ತು ಮೇದೋಜೀರಕದಲ್ಲಿ ಸೇರಿದ್ದ ಕೊಬ್ಬು ಕರಗಿದಾಗ ಇನ್ಸುಲಿನ್ ಮತ್ತೆ ತನ್ನ ಕೆಲಸಕ್ಕೆ ಮರಳುತ್ತದೆ. ಆ ಪ್ರಯೋಗದಲ್ಲಿದ್ದವರೆಲ್ಲ ಕಾಯಿಲೆ ಪತ್ತೆಯಾಗಿ ಆರು ವರ್ಷದೊಳಗಿನವರು, ಇನ್ಸುಲಿನ್ ತೆಗೆದುಕೊಳ್ಳದವರು ಎಂಬುದನ್ನು ಮರೆಯಬಾರದು. ‘ಶುಗರ್ ಬೇರುಸಹಿತ ವಾಸಿ’ ಎಂಬ ಜಾಹೀರಾತುಗಳಿಗೂ ಈ ಪ್ರಯೋಗಕ್ಕೂ ಸಂಬಂಧವಿಲ್ಲ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ. ಇಷ್ಟೊಂದು ಜನಕ್ಕೆ ಏಕೆ ಎಂಬ ಪ್ರಶ್ನೆಗೆ ಉತ್ತರದ ಒಂದು ತುಣುಕು ಮೈಸೂರಿನಲ್ಲಿ ಸಿಕ್ಕಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ಇಂಗ್ಲೆಂಡಿನ ಸೌತಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಸಂಶೋಧಕರು ಆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿ ದೊಡ್ಡವರಾದವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ಉದ್ದ ಕಡಿಮೆಯಿದ್ದು ಅದಕ್ಕೆ ಹೋಲಿಸಿದರೆ ಗುಂಡಗಿದ್ದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಮಧುಮೇಹ ಹೆಚ್ಚಾಗಿ ಕಂಡಿತು. ತಾಯಂದಿರಿಗೆ ಬಸುರಿನಲ್ಲಿ ಸಕ್ಕರೆ ಏರಿದ್ದಿರಬಹುದೆ ಎಂಬ ಊಹೆಯನ್ನು ಪರೀಕ್ಷಿಸಲು 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಜಿ. ವಿ. ಕೃಷ್ಣವೇಣಿ ಮತ್ತು ತಂಡ ಆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಬಸುರಿನಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತು ಹತ್ತರ ವಯಸ್ಸಿಗೇ ಮೈಕೊಬ್ಬೂ ಇನ್ಸುಲಿನ್ ಪ್ರತಿರೋಧವೂ ಹೆಚ್ಚಿದ್ದವು.

ಇದರ ಹಿಂದೆಯೂ ಹಾರ್ಮೋನುಗಳಿವೆ. ಮಗುವಿಗೆ ಗ್ಲೂಕೋಸ್ ಕೊರತೆಯಾಗದಿರಲೆಂದು ಬಸುರಿನ ಎರಡನೇ ಅರ್ಧದಲ್ಲಿ ಮಾಸು ಸ್ರವಿಸುವ ಹಾರ್ಮೋನುಗಳು ತಾಯಿಯಲ್ಲಿ ಇನ್ಸುಲಿನ್ ಪ್ರತಿರೋಧವನ್ನು ಬೇಕೆಂದೇ ಹೆಚ್ಚಿಸುತ್ತವೆ. ಆಕೆಯ ಬೀಟಾ ಕೋಶಗಳಿಗೆ ಆ ಹೊರೆ ಹೊರಲಾಗದಿದ್ದರೆ ಸಕ್ಕರೆ ಏರುತ್ತದೆ. ಹೆರಿಗೆಯಾಗಿ ಮಾಸು ಹೋದ ಕೂಡಲೇ ಹೆಚ್ಚಿನವರ ಸಕ್ಕರೆ ಮೊದಲಿನಂತಾಗುತ್ತದೆ, ಬಾಣಂತನದ ಗಡಿಬಿಡಿಯಲ್ಲಿ ಆ ವಿಷಯ ಮರೆತೇ ಹೋಗುತ್ತದೆ. ಆದರೆ ಅಂಥ ತಾಯಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಮಾಡುವ ರಕ್ತಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತವಾಗಿಯೇ ಸಿಗುತ್ತದೆ. ಬಸುರಿನಲ್ಲಿ ಸಕ್ಕರೆ ಕಂಡಿದ್ದ ಪ್ರತಿಯೊಬ್ಬ ಹೆಣ್ಣುಮಗಳನ್ನೂ ಹೆರಿಗೆಯಾದ ಆರು ವಾರಕ್ಕೆ ಮತ್ತೊಮ್ಮೆ, ಆಮೇಲೆ ವರ್ಷಕ್ಕೊಂದು ಸಲ ಮನೆಯವರು ತಪ್ಪದೆ ಪರೀಕ್ಷೆಗೆ ಕರೆದೊಯ್ಯಬೇಕು.